ಕಕ್ಷೆಯಲ್ಲೇ ಉಳಿದ ಹದಿನೇಳನೆಯ ಶಟಲ್

ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತೆರಡು ನಿಮಿಷ. ಲ್ಯಾಪ್‌ಟಾಪಿನ ಕೆಳಮೂಲೆಯಲ್ಲಿ ಆ ಅಂಕಿಗಳನ್ನು ಕಂಡದ್ದು ನನಗೆ ಸರಿಯಾಗಿ ನೆನಪಿದೆ, ಯಾಕೆಂದರೆ ಆಗ ನಾನು ಪರದೆ ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ. ಕಂಪ್ಯೂಟರ್ ಆಟವೊಂದರೊಳಗೆ ನಮ್ಮ ಹದಿನೇಳನೆಯ ಬಾಹ್ಯಾಕಾಶ ಶಟಲ್ ಕಕ್ಷೆಯಲ್ಲಿ ಸುತ್ತುತ್ತಿತ್ತು. ಇನ್ನೆರಡು ನಿಮಿಷಕ್ಕೆ ಎಂಜಿನ್ ಉರಿಸಿ ವೇಗ ತಗ್ಗಿಸಿದರೆ ಅದು ನೇರ ರನ್‌ವೇ ಕಡೆಗೆ ಇಳಿಯಬೇಕು. ನನ್ನ ಬೆನ್ನ ಹಿಂದೆ, ವೆಲ್ಡಿಂಗ್ ಅಂಗಡಿಯ ಮುಂದಿನ ಬಯಲಲ್ಲಿ, ನನ್ನ ಗೆಳೆಯ ಟ್ರ್ಯಾಕ್ಟರ್ ಟ್ರಾಲಿಯೊಂದರ ಪಿನ್ನಿಗೆ ಸುತ್ತಿಗೆ ಹೊಡೆಯುತ್ತಿದ್ದ.

"ಹಿಂದ ಭಾರ ನೋಡಿ ಹೇಳಲೇ ಮಾಸ್ತರ," ಎಂದು ಕೂಗಿದ.

"ನೋಡೀನಿ. ಹಗುರ ಅದ. ತಗಿ," ಎಂದೆ.

ನಾನು ನೋಡಿರಲಿಲ್ಲ.

ನಾನು ಆಳಂದದವನು. ಅಲ್ಲಿ ಬಿ.ಎಸ್ಸಿ. ಓದುವಾಗ ಅವನು ನನ್ನದೇ ಬೆಂಚಿನವನು, ಮಾವನ ಮನೆಯಲ್ಲಿದ್ದು ಕಾಲೇಜಿಗೆ ಬರುತ್ತಿದ್ದ. ಕೊನೆಯ ವರ್ಷ ಅವನ ಅಬ್ಬಾ ತೀರಿಕೊಂಡರು. ಅಫಜಲಪುರದಲ್ಲಿದ್ದ ಅಪ್ಪನ ವೆಲ್ಡಿಂಗ್ ಅಂಗಡಿ ನೋಡಿಕೊಳ್ಳಲು ಹೋದವನು ಪರೀಕ್ಷೆಗೂ ಬರಲಿಲ್ಲ. ನಾನು ಮುಂದೆ ಓದಿ ಜೇವರ್ಗಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸತೊಡಗಿದೆ. ಅವನು ಟ್ರಾಲಿ ಕಟ್ಟುವುದರಲ್ಲಿ ಹೆಸರು ಮಾಡಿದ. ಸೊನ್ನ, ಕರಜಗಿ ಕಡೆಯ ರೈತರು ಬೇರೆಲ್ಲೂ ಹೋಗದೆ ಅವನಲ್ಲಿಗೇ ಬರುತ್ತಿದ್ದರು.

ಆಟವನ್ನು ಅವನಿಗೆ ತೋರಿಸಿದವನು ನಾನೇ. ಕಕ್ಷೆ ಅಂದರೇನು ಎಂದು ವಿದ್ಯಾರ್ಥಿಗಳಿಗೆ ತೋರಿಸಲು ಹಾಕಿಕೊಂಡದ್ದು. ಇಂಧನದ ಟ್ಯಾಂಕು, ಎಂಜಿನ್ನು, ರೆಕ್ಕೆ ಎಲ್ಲವನ್ನೂ ಒಂದೊಂದಾಗಿ ಜೋಡಿಸಿ ನೌಕೆ ಕಟ್ಟಬೇಕು, ಆಮೇಲೆ ಹಾರಿಸಬೇಕು. ಒಂದು ಭಾನುವಾರ ಅವನು ಕೈಯ ಮಸಿ ಒರೆಸಿಕೊಂಡು ಪಕ್ಕದಲ್ಲಿ ಕೂತ. ಅಲ್ಲಿಂದ ಎರಡು ವರ್ಷ, ಪ್ರತಿ ಭಾನುವಾರ ಮೊದಲ ಬಸ್ಸಿಗೆ ನಾನು ಜೇವರ್ಗಿಯಿಂದ ಲ್ಯಾಪ್‌ಟಾಪು ಹೊತ್ತು ಅಫಜಲಪುರಕ್ಕೆ ಹೋದೆ.

ನಮ್ಮ ಮೊದಲ ಶಟಲ್‌ಗಳು ಚೆನ್ನಾಗಿಯೇ ಏರುತ್ತಿದ್ದವು. ಇಳಿಯುವಾಗ ಮಾತ್ರ ಬಾಲ ಮುಂದೆ ಬಂದು ಗಿರಗಿರನೆ ತಿರುಗಿ ಚೂರಾಗುತ್ತಿದ್ದವು. ಆಟದಲ್ಲಿ ಒಂದು ಹಳದಿ ಗುಂಡು ನೌಕೆಯ ಭಾರದ ನಡುವನ್ನು ತೋರಿಸುತ್ತದೆ, ಒಂದು ನೀಲಿ ಗುಂಡು ರೆಕ್ಕೆಗಳು ಎತ್ತುವ ಜಾಗವನ್ನು. ಹಳದಿ ಮುಂದಿರಬೇಕು, ನೀಲಿ ಹಿಂದೆ. ನಾನು ಹಾಗೇ ಇಟ್ಟಿದ್ದೆ. ಆದರೂ ಬೀಳುತ್ತಿತ್ತು. ನಾಲ್ಕನೆಯದು ಒಡೆದಾಗ ಅವನು ಬಿದ್ದು ಬಿದ್ದು ನಕ್ಕ.

"ಎಂ.ಎಸ್ಸಿ. ಮಾಡಿದವಗ ಟ್ರಾಲಿ ಕಟ್ಟಾಕ ಬರಂಗಿಲ್ಲ ನೋಡು."

"ಇದು ಟ್ರಾಲಿ ಅಲ್ಲಲೇ."

"ಮತ್ತೇನು ಹೆಲಿಕಾಪ್ಟರೇನು? ಮುಂದ ಟ್ಯಾಂಕ್ ಖಾಲಿ ಆತು, ಹಿಂದ ಮೂರು ಎಂಜಿನ್ ಜೋತು ಬಿದ್ದಾವ. ತುಂಬಿದಾಗ ಎಲ್ಲಾ ಚಂದೇ ನಿಂದಿರ್ತಾವ. ಖಾಲಿ ಆದ ಮ್ಯಾಲ ಭಾರ ಎಲ್ಲಿ ಕುಂತದ, ಅದನ್ನ ನೋಡಬೇಕು."

ಟ್ಯಾಂಕುಗಳನ್ನು ಖಾಲಿ ಮಾಡಿ ನೋಡಿದೆವು. ಹಳದಿ ಗುಂಡು ಮೆಲ್ಲಗೆ ಹಿಂದಕ್ಕೆ ಜಾರಿ ನೀಲಿಯನ್ನು ದಾಟಿ ಹೋಯಿತು. ನಾನು ಕಲಿಸುವ ಪಾಠವನ್ನು ಅವನು ನನಗೆ ಹೇಳಿಕೊಟ್ಟಿದ್ದ. ಆಮೇಲಿನ ಎಲ್ಲ ಶಟಲ್‌ಗಳಲ್ಲೂ ಇಳಿಯುವ ಮುನ್ನ ಉಳಿದ ಇಂಧನವನ್ನು ಮೂತಿಯ ಟ್ಯಾಂಕಿಗೆ ಸಾಗಿಸುತ್ತಿದ್ದೆವು.

ಆ ಆಟದಲ್ಲಿ ನೌಕೆ ಒಡೆದರೆ ಮತ್ತೆ ಉಡಾವಣೆಗೆ ಮೊದಲಿನ ಗಳಿಗೆಗೆ ಹೋಗಲು ಒಂದು ಗುಂಡಿ ಇದೆ. ಅದನ್ನು ಒತ್ತಲು ಅವನು ಬಿಡುತ್ತಿರಲಿಲ್ಲ.

"ಅದಕ್ಕ ಕೈ ಹಚ್ಚಿದ್ರ ಬೆರಳು ಮುರೀತೀನಿ. ಒಡದದ್ದು ಒಡದಂಗ ನೋಡಬೇಕು. ಆವಾಗ ಬಿರುಕು ಎಲ್ಲಿತ್ತು ಗೊತ್ತಾಗ್ತದ."

ಅಂಗಡಿಯಲ್ಲೂ ಅವನದೊಂದು ಕಟ್ಟುನಿಟ್ಟಿತ್ತು. ಟ್ರಾಲಿಯನ್ನು ಟ್ರ್ಯಾಕ್ಟರಿಗೆ ಜೋಡಿಸುವ ಮುಂದಿನ ಉದ್ದನೆಯ ಕಬ್ಬಿಣಕ್ಕೆ ಅವನು ಮೂತಿ ಅನ್ನುತ್ತಿದ್ದ. ಎರಡೇ ಗಾಲಿಯ ಟ್ರಾಲಿಯಲ್ಲಿ ಭಾರ ಹಿಂದಿದ್ದಾಗ, ಮೂತಿಯನ್ನು ಟ್ರ್ಯಾಕ್ಟರಿಗೆ ಹಿಡಿದಿಟ್ಟ ಪಿನ್ನು ಕಿತ್ತರೆ ಬಾಲ ನೆಲಕ್ಕೆ ಕೂತು ಮೂತಿ ಮೇಲಕ್ಕೆ ಚಿಮ್ಮುತ್ತದೆ. ಅದಕ್ಕೇ ಪಿನ್ನು ತೆಗೆಯುವ ಮೊದಲು ಒಬ್ಬರು ಹಿಂದೆ ಹೋಗಿ, ಒಳಗೆ ಇಣುಕಿ, ಭಾರವಿದ್ದರೆ ಬಾಲದ ಕೆಳಗೆ ಮರದ ದಿಮ್ಮಿ ಕೊಟ್ಟು, ಆಮೇಲೆ ಕೂಗಿ ಹೇಳಬೇಕು. ಉತ್ತರ ಬರದೆ ಅವನು ಪಿನ್ನು ಮುಟ್ಟುತ್ತಿರಲಿಲ್ಲ. ಇದು ಅವನ ಅಬ್ಬಾ ಹಾಕಿಕೊಟ್ಟ ಪದ್ಧತಿ. ಭಾನುವಾರ ಕೆಲಸದವರು ಇರುತ್ತಿರಲಿಲ್ಲ, ಹಾಗಾಗಿ ಹಿಂದೆ ಹೋಗಿ ನೋಡುವ ಕೆಲಸ ನನ್ನದು.

ಆ ದಿನ ಬಂದದ್ದು ಆಳಂದಕ್ಕೆ ತೊಗರಿ ಒಯ್ಯುತ್ತಿದ್ದ ಕರಜಗಿಯ ಟ್ರಾಲಿ. ದಾರಿಯಲ್ಲಿ ಮೂತಿ ಬಿರುಕು ಬಿಟ್ಟಿತ್ತು, ಬೆಸೆಯಲು ಅದನ್ನು ಟ್ರ್ಯಾಕ್ಟರಿನಿಂದ ಬಿಡಿಸಬೇಕಿತ್ತು. ಡ್ರೈವರ್ ಚೀಲ ಇಳಿಸಿ ಅಂಗಡಿಯ ಮುಂದೆ ಒಟ್ಟಿ, "ಇಳಿಸೀನ್ರಿ," ಎಂದು ಹೇಳಿ ಚಾ ಕುಡಿಯಲು ಹೋದ. ಅವನು ಇಳಿಸಿದ್ದು ಕೈಗೆ ಸಿಕ್ಕ ಮುಂದಿನ ಚೀಲಗಳನ್ನಷ್ಟೇ. ಹಿಂದಿನವು ಟ್ರಾಲಿಯ ಪಕ್ಕದ ತಗಡಿನ ಮರೆಯಲ್ಲಿ ಹಾಗೇ ಇದ್ದವು. ಮುಂದೆ ಬಗ್ಗಿ ನಿಂತ ನನ್ನ ಗೆಳೆಯನಿಗೆ ಅವು ಕಾಣುತ್ತಿರಲಿಲ್ಲ. ಹತ್ತು ಹೆಜ್ಜೆ ನಡೆದಿದ್ದರೆ ನನಗೆ ಕಾಣುತ್ತಿದ್ದವು.

ಆಟವನ್ನು ಒಂದು ಕೀಲಿ ಒತ್ತಿ ನಿಲ್ಲಿಸಬಹುದಿತ್ತು. ಎಷ್ಟು ಹೊತ್ತು ಬೇಕಾದರೂ ಅದು ಕಾಯುತ್ತಿತ್ತು. ಪಿನ್ನು ಅಷ್ಟು ಬಿಗಿಯಾಗಿ ಕೂತಿದೆ ಅಂದರೆ ಮೂತಿ ಮೇಲಕ್ಕೆ ಒತ್ತುತ್ತಿದೆ ಎಂದು ಸುತ್ತಿಗೆಯ ಸದ್ದೇ ನನಗೆ ಹೇಳಬೇಕಿತ್ತು. ಇವೆಲ್ಲ ಆಮೇಲೆ ಹೊಳೆದವು. ಈಗಲೂ ಹೊಳೆಯುತ್ತಲೇ ಇವೆ. ಪಾಠ ಮಾಡುವಾಗ, ಬಸ್ಸಿನಲ್ಲಿ, ಊಟದ ತಟ್ಟೆಯ ಮುಂದೆ, ನಾನು ಅಂದು ಕೂತಿದ್ದ ಎಣ್ಣೆ ಡಬ್ಬದ ಮೇಲಿಂದ ಎದ್ದು ಆ ಹತ್ತು ಹೆಜ್ಜೆ ನಡೆಯುತ್ತೇನೆ.

ಮೊದಲು ಕೇಳಿದ್ದು ಚೀಲಗಳು ಜಾರಿದ ಸದ್ದು. ತಿರುಗಿ ನೋಡುವಷ್ಟರಲ್ಲಿ ಬಾಲ ನೆಲಕ್ಕೆ ಅಪ್ಪಳಿಸಿತ್ತು, ಮೂತಿ ಆಕಾಶಕ್ಕೆ ನಿಂತಿತ್ತು. ಅವನು ಅದರ ಕೆಳಗೆ ಬಿದ್ದಿದ್ದ, ಒಂದು ಕೈಯಲ್ಲಿ ಇನ್ನೂ ಪಿನ್ನು. ದವಡೆಯಿಂದ ಹಣೆಯವರೆಗೆ ಒಡೆದಿತ್ತು. ಮೂತಿ ಮತ್ತೆ ಕೆಳಗಿಳಿದರೆ ಎಂಬ ಭಯದಲ್ಲಿ ನಾನು ಅವನ ಕಾಲು ಹಿಡಿದು ಎಳೆದೆ. ತೊಗರಿ ಕಾಳು ಕಾಲ ಕೆಳಗೆ ಉರುಳುತ್ತಿತ್ತು, ನಾನು ಎರಡು ಸಲ ಜಾರಿ ಬಿದ್ದೆ.

ಕಲಬುರಗಿಯ ದವಾಖಾನೆಯಲ್ಲಿ ಆರು ದಿನ ಅವನಿಗೆ ಎಚ್ಚರವಿರಲಿಲ್ಲ. ಏಳನೆಯ ದಿನ ಕಣ್ಣು ಬಿಟ್ಟ. ದವಡೆಗೆ ತಂತಿ ಕಟ್ಟಿದ್ದರಿಂದ ಮಾತಾಡುವಂತಿರಲಿಲ್ಲ. ಆ ಬೆಳಗಿನದು ಒಂದೂ ಅವನಿಗೆ ನೆನಪಿರಲಿಲ್ಲ. ಹೆಂಡತಿಯಿಂದ ನೋಟ್‌ಬುಕ್ಕು ಇಸಿದುಕೊಂಡು ಬರೆದ: "ನಾ ಕೇಳಿದ್ನೇನು?"

ಅವಳಿಗೆ ಅರ್ಥವಾಗಲಿಲ್ಲ. ನನಗೆ ಆಯಿತು: ಪಿನ್ನು ತೆಗೆಯುವ ಮೊದಲು ಕೂಗಿ ಕೇಳಿದ್ದೆನೇ ಎಂದು. "ನೆನಪಿಲ್ಲ," ಎಂದೆ. ಅವನು ಆ ಸಾಲನ್ನು ನೋಡುತ್ತಾ ಬಹಳ ಹೊತ್ತು ಪೆನ್ನು ಹಿಡಿದೇ ಇದ್ದ.

ಊರಲ್ಲಿ ಅದಾಗಲೇ ಮಾತು ಎದ್ದಿತ್ತು. ಬಸ್ ನಿಲ್ದಾಣದ ಚಾ ಅಂಗಡಿಯಲ್ಲಿ ನನ್ನೆದುರೇ ಒಬ್ಬ ಹೇಳಿದ, "ಉಸ್ತಾದಗ ಹಿಂದ ಭಾರ ಅದನೋ ಇಲ್ಲೋ ತಿಳೀಲಿಲ್ಲಂದ್ರ, ಇನ್ನ ನಮ್ಮ ಟ್ರಾಲಿ ಏನು ಕಟ್ತಾನ?" ನಾನು ಚಾ ಕುಡಿದು ಎದ್ದು ಬಂದೆ.

ಮೂರು ತಿಂಗಳಿಗೆ ಗಾಯ ಮಾಯಿತು. ಅಂಗಡಿ ಮಾತ್ರ ತೆರೆಯಲಿಲ್ಲ. ಬಂದ ಗಿರಾಕಿಗಳನ್ನು ಬೇರೆ ಕಡೆ ಕಳಿಸಿದ. ಅಬ್ಬಾ ಹೇಳಿಕೊಟ್ಟದ್ದನ್ನೇ ಮರೆತವನ ಕೈಯ ವೆಲ್ಡಿಂಗು ನಂಬಿ ಯಾರ ಮಕ್ಕಳಾದರೂ ಟ್ರಾಲಿ ಹತ್ತಿದರೆ ಹೇಗೆ, ಎಂದು ಹೆಂಡತಿಗೆ ಹೇಳಿದನಂತೆ. ನಾನು ಭಾನುವಾರಗಳಂದು ಹೋಗುವುದನ್ನು ಬಿಟ್ಟಿರಲಿಲ್ಲ. ಹಣ್ಣು ಒಯ್ಯುತ್ತಿದ್ದೆ, ಅದೂ ಇದೂ ಮಾತಾಡುತ್ತಿದ್ದೆ. ಒಮ್ಮೆ ಅವಳು ನನ್ನನ್ನು ಬಾಗಿಲ ತನಕ ಕಳಿಸಲು ಬಂದು ತಗ್ಗಿದ ದನಿಯಲ್ಲಿ ಹೇಳಿದಳು.

"ರಾತ್ರಿ ಮಲಗಂಗಿಲ್ರಿ ಭಾಯಿ. ಎದ್ದು ಕೂಡ್ತಾರ. 'ನಾ ಕೇಳಲಿಲ್ಲ, ನಾ ಕೇಳಲಿಲ್ಲ' ಅಂತಾರ. ಏನು ಕೇಳಲಿಲ್ಲಂದ್ರ ಹೇಳಂಗಿಲ್ಲ. ನಿಮಗೇನರ ಗೊತ್ತದೇನ್ರಿ?"

"ಇಲ್ಲರಿ," ಎಂದೆ. ಎರಡನೆಯ ಸಲದ ಸುಳ್ಳು ಮೊದಲಿನದಕ್ಕಿಂತ ಸಲೀಸಾಗಿ ಬಂತು. ನಾನೂ ಆಗ ನಿದ್ದೆ ಮಾಡುತ್ತಿರಲಿಲ್ಲ.

ಐದನೆಯ ತಿಂಗಳಲ್ಲಿ ಒಂದು ಭಾನುವಾರ ಮಧ್ಯಾಹ್ನ ಅವನೇ ಕೇಳಿದ.

"ನಮ್ಮ ಹದಿನೇಳನೇದು ಏನಾತಲೇ?"

"ಅಲ್ಲೇ ಸುತ್ತಾಕತ್ತದ."

"ಇನ್ನೂ ಇಳಿಸಿಲ್ಲೇನು? ಒಳಗ ಇಬ್ಬರು ಕುಂತಾರಲ್ಲೋ ಪಾಪ. ತಗೊಂಡು ಬಾ."

ಮುಂದಿನ ವಾರ ಒಯ್ದೆ. ಅವನ ಮನೆಯ ಪಡಸಾಲೆಯಲ್ಲಿ ಚಾಪೆಯ ಮೇಲೆ ಲ್ಯಾಪ್‌ಟಾಪು ಇಟ್ಟೆ. ಎಡಗಣ್ಣು ಮಂಜಾಗಿದ್ದರಿಂದ ಅವನು ತಲೆ ಓರೆ ಮಾಡಿ ನೋಡುತ್ತಿದ್ದ. ನಾನು ಎಂಜಿನ್ ಉರಿಸಿ ವೇಗ ತಗ್ಗಿಸಿದೆ. ಶಟಲ್ ಇಳಿಯತೊಡಗಿತು. ಇನ್ನೂ ಗಾಳಿಯ ಪದರು ಮುಟ್ಟಿರಲಿಲ್ಲ. ಅವನು ತನ್ನಷ್ಟಕ್ಕೆ ತಾನೇ, ಹಳೆಯ ರೂಢಿಯಂತೆ, ಹೇಳಿದ:

"ಹಿಂದ ಭಾರ ನೋಡಿ ಹೇಳಲೇ ಮಾಸ್ತರ."

ಕೀಲಿ ಒತ್ತಿ ಆಟ ನಿಲ್ಲಿಸಿದೆ.

"ಅವತ್ತೂ ಇದೇ ಕೇಳಿದ್ದಿ," ಎಂದೆ. "ನೋಡೀನಿ, ಹಗುರ ಅದ, ತಗಿ ಅಂತ ನಾ ಹೇಳಿದೆ. ನಾ ಎದ್ದೇ ಇರಲಿಲ್ಲ. ಇದರ ಮುಂದೇ ಕುಂತಿದ್ದೆ."

ಒಳಗೆ ಅವನ ಹೆಂಡತಿ ರೊಟ್ಟಿ ತಟ್ಟುವ ಸದ್ದು ನಿಂತಿತು.

ಅವನು ನನ್ನ ಕಡೆ ನೋಡಲಿಲ್ಲ. ಪರದೆಯನ್ನೇ ನೋಡುತ್ತಿದ್ದ.

"ನಾ ಕೇಳಿದ್ದೆ," ಎಂದ.

"ಹೌದು."

"ದವಾಖಾನ್ಯಾಗ ನಾ ಬರದು ಕೇಳಿದಾಗ ನಿನಗ ಗೊತ್ತಿತ್ತು."

"ಗೊತ್ತಿತ್ತು."

"ಐದು ತಿಂಗಳ ಆತಲೇ."

ಬೈಯುತ್ತಾನೆ, ಹೊಡೆಯುತ್ತಾನೆ ಅಂದುಕೊಂಡೆ. ಹೊಡೆಯಲಿ ಎಂದು ಆಸೆಪಟ್ಟೆ ಕೂಡ. ಅವನು ಲ್ಯಾಪ್‌ಟಾಪನ್ನು ತನ್ನ ಕಡೆಗೆ ಎಳೆದುಕೊಂಡು, ಹಿಂದಿನ ಟ್ಯಾಂಕಿನಲ್ಲಿ ಉಳಿದಿದ್ದ ಇಂಧನವನ್ನೆಲ್ಲ ಮೂತಿಗೆ ಸಾಗಿಸಿ, ಆಟವನ್ನು ಮುಂದುವರಿಸಿದ. ಶಟಲ್ ಕೆಂಪಗೆ ಉರಿಯುತ್ತಾ ಗಾಳಿಗೆ ಬಂತು. ಒಮ್ಮೆಯೂ ಬಾಲ ಆಡಲಿಲ್ಲ. ರನ್‌ವೇಯಲ್ಲಿ ಕೊನೆಗೆ ತುಸು ಬಲಕ್ಕೆ ಸರಿದು ಹುಲ್ಲಿನ ಮೇಲೆ ನಿಂತಿತು. ಅವನು ಲ್ಯಾಪ್‌ಟಾಪು ಮುಚ್ಚಿ, ವೈರು ಸುತ್ತಿ, ನನ್ನ ಚೀಲದೊಳಗಿಟ್ಟು, ಚೀಲವನ್ನು ನನ್ನ ಕೈಗೆ ಕೊಟ್ಟ.

"ನಾ ಕರದಾಗ ಬಾ."

ಜೇವರ್ಗಿಗೆ ಬಂದು ಊಟ ಮಾಡದೆ ಮಲಗಿದೆ. ಮರುದಿನ ಫೋನು ಬಡಿದುಕೊಂಡಾಗ ಕಣ್ಣು ಬಿಟ್ಟರೆ ಗೋಡೆಯ ಮೇಲೆ ಬಿಸಿಲು. ಅವನ ಹೆಂಡತಿ.

"ಭಾಯಿ, ರಾತ್ರಿ ಪೂರಾ ಮಲಗಿದ್ರು. ಗೊರಕಿ ಹೊಡದ್ರು. ಈಗ ಚಾ ಕುಡದು ಅಂಗಡಿ ಚಾವಿ ತಗೊಂಡು ಹೋದ್ರು." ಮತ್ತೆ ಹೇಳಿದಳು. "ನಿಮಗ ಫೋನ್ ಮಾಡು ಅಂತ ಅವರೇನೂ ಹೇಳಿಲ್ರಿ. ನಾನೇ ಮಾಡೀನಿ. ಸದ್ಯಕ್ಕ ನೀವು ಬರಬ್ಯಾಡ್ರಿ."

"ಆಗಲಿರಿ," ಎಂದೆ.

ಕಾಲೇಜಿನ ಮೊದಲ ಪಾಠ ತಪ್ಪಿಹೋಗಿತ್ತು. ಐದು ತಿಂಗಳಲ್ಲಿ ಮೊದಲ ಬಾರಿಗೆ ನಾನೂ ಒಂದೇ ನಿದ್ದೆಯಲ್ಲಿ ಬೆಳಗು ಮಾಡಿದ್ದೆ.