ಕಬ್ಬಿನ ಟ್ರ್ಯಾಕ್ಟರೂ ಬೆಳಕಿನ ನಂಟೂ

ಸದ್ದಿನ ಜೊತೆ ಜಗಳವಾಡಿಯೇ ನನ್ನ ಅರ್ಧ ಆಯಸ್ಸು ಸವೆಯಿತು. ಮದ್ದೂರು–ಮಳವಳ್ಳಿ ರಸ್ತೆ ಪಕ್ಕದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತ, ಉಳಿದ ಹೊತ್ತಿನಲ್ಲಿ ಪಿಎಚ್‌ಡಿಗೆ ಹೆಣಗುತ್ತಿದ್ದೆ. ಮಂಡ್ಯದಿಂದ ಬಸ್ಸಿನಲ್ಲಿ ನಿಂತುಕೊಂಡು ಬರುವುದು, ನಿಂತುಕೊಂಡೇ ಹೋಗುವುದು.

ನನ್ನ ವಿಷಯ ಹೇಳಲು ಸುಲಭ. ಜೊತೆಯಲ್ಲೇ ಹುಟ್ಟಿಸಿದ ಎರಡು ಬೆಳಕಿನ ಕಣಗಳ ನಡುವೆ ಒಂದು ನಂಟಿರುತ್ತದೆ. ಎಷ್ಟೇ ದೂರವಿದ್ದರೂ ಒಂದನ್ನು ಅಳೆದಾಗ ಸಿಗುವ ಉತ್ತರಕ್ಕೆ ಇನ್ನೊಂದರ ಉತ್ತರ ಹೊಂದಿಕೊಂಡೇ ಬರುತ್ತದೆ. ಕ್ವಾಂಟಂ ಎಂಟ್ಯಾಂಗಲ್‌ಮೆಂಟ್ ಅನ್ನುವುದು ಇದನ್ನೇ. ಆದರೆ ಆ ನಂಟು ಮಹಾ ನಾಜೂಕು. ಕಣಗಳು ಸಾಗುವ ಗಾಜಿನ ಎಳೆ, ಅಂದರೆ ಫೈಬರ್, ನಡುಗಿದರೆ ಅದು ಕೆಡುತ್ತದೆ. ಕೆಡದಂತೆ ಕಾಪಾಡಿ ತೋರಿಸಬೇಕಿತ್ತು. ಇಲ್ಲದಿದ್ದರೆ ಆ ವರ್ಷ ನನ್ನ ನೋಂದಣಿಯೇ ರದ್ದು.

ಕಬ್ಬಿನ ಕಟಾವು ಶುರುವಾದರೆ ಬೆಳಕವಾಡಿ ಕಡೆಯಿಂದ ಟ್ರ್ಯಾಕ್ಟರುಗಳು ಜೋರಾಗಿ ಹಾಡು ಹಾಕಿಕೊಂಡು ಬರುತ್ತಿದ್ದವು. ಕಿಟಕಿ ಗಡಗಡ ಅನ್ನುತ್ತಿತ್ತು. ಮೇಜಿನ ಕಾಲಡಿ ಮರಳಿನ ಚೀಲ ಇಟ್ಟೆ, ಫೈಬರಿಗೆ ಹಳೇ ರಗ್ಗು ಹೊದಿಸಿದೆ. ಜಪ್ಪಯ್ಯ ಅಂದರೂ ನಂಟು ಉಳಿಯಲಿಲ್ಲ. ತಲೆಕೆಟ್ಟು ಒಂದು ದಿನ ಗೇಟಿಗೆ ಓಡಿ ಒಬ್ಬ ಡ್ರೈವರಿಗೆ ಕೈ ಅಡ್ಡ ಹಿಡಿದೆ.

"ಅಣ್ಣಾ, ಕಾಲೇಜು ದಾಟೋವರೆಗಾದ್ರೂ ಹಾಡು ನಿಲ್ಸಿ."

ನಿದ್ದೆಗೆಟ್ಟು ಅವರ ಕಣ್ಣು ಕೆಂಪಾಗಿತ್ತು. "ಆಡು ನಿಲ್ಸುದ್ರೆ ತೂಕಡ್ಕೆ ಬತ್ತದೆ ಕಣವ್ವ. ಆಯ್ತು ಬುಡಿ, ಗೇಟ್ ದಾಟೋಗಂಟ ನಿಲ್ಸ್ತೀನಿ. ಮಿಕ್ದೋರ್ಗೂ ಯೋಳ್ತೀನಿ."

ಹಾಡು ನಿಂತರೂ ಎಂಜಿನ್ನು ನಿಲ್ಲಬೇಕಲ್ಲ. ಸದ್ದಡಗಿಸುವುದು ನನ್ನ ಕೈಲಾಗದು ಎಂದು ಕೊನೆಗೂ ಒಪ್ಪಿಕೊಂಡೆ. ಅಲ್ಲಿಯವರೆಗೆ ಎರಡು ಕಣಗಳನ್ನು ಎರಡು ಫೈಬರುಗಳಲ್ಲಿ ಕಳಿಸುತ್ತಿದ್ದೆ. ಒಂದೊಂದಕ್ಕೂ ಒಂದೊಂದು ಬಗೆಯ ನಡುಕ. ಈಗ ಒಂದೇ ಫೈಬರಿನಲ್ಲಿ ಒಂದರ ಬೆನ್ನಿಗೇ ಇನ್ನೊಂದನ್ನು ಕಳಿಸಿದೆ. ಎರಡಕ್ಕೂ ಒಂದೇ ಪೆಟ್ಟು ಬಿದ್ದರೆ ನಾನು ಆರಿಸಿಕೊಂಡಿದ್ದ ಬಗೆಯ ಜೋಡಿಯ ನಂಟು ಕೆಡುವುದಿಲ್ಲ ಎಂದು ಲೆಕ್ಕ ಹೇಳುತ್ತಿತ್ತು.

ನೋಡಿ ತೀರ್ಮಾನಿಸಲು ಬೆಂಗಳೂರಿನಿಂದ ನನ್ನ ಪಿಎಚ್‌ಡಿ ಗೈಡ್ ಬಂದರು. "ನಿಶ್ಶಬ್ದದಲ್ಲಿ ಯಾರು ಬೇಕಾದರೂ ತೋರಿಸ್ತಾರಮ್ಮ, ಸದ್ದಿನಲ್ಲಿ ತೋರಿಸಿ" ಎಂದು ಕುರ್ಚಿ ಎಳೆದು ಕೂತರು.

ಟ್ರ್ಯಾಕ್ಟರುಗಳು ಬಂದವು. ಬಂದದ್ದೆಲ್ಲ ಗೇಟಿನ ಹತ್ತಿರ ಹಾಡು ನಿಲ್ಲಿಸಿ, ಎಂಜಿನ್ನಿನ ವೇಗವನ್ನೂ ಇಳಿಸಿ, ಮಲಗಿದ ಮಗುವಿನ ಪಕ್ಕ ನಡೆಯುವವರ ಹಾಗೆ ದಾಟಿಹೋದವು. ನನ್ನ ಮೇಲಿನ ಮರ್ಯಾದೆಗೆ! ಗೈಡ್ ಗಡಿಯಾರ ನೋಡಿಕೊಂಡರು. ನಾನು ರಸ್ತೆಗೆ ಓಡಿದೆ. ಆವತ್ತಿನ ಅದೇ ಡ್ರೈವರ್ ಬರುತ್ತಿದ್ದರು.

"ಅಣ್ಣಾ, ಇಲ್ಲೇ ನಿಲ್ಸಿ! ಎಂಜಿನ್ ಆರಿಸ್ಬೇಡಿ, ಹಾಡು ಜೋರಾಗಿ ಹಾಕಿ!"

"ಅವತ್ತು ನಿಲ್ಸು ಅಂದ್ರಿ, ಇವತ್ತು ಆಕು ಅಂತೀರಿ. ಉಸಾರಾಗಿದ್ದೀರಾ ಮೇಡಮ್ಮೋರೆ?" ಅಂದರು. ಆದರೂ ಹಾಕಿದರು.

ನಾನು ಒಳಗೆ ಓಡಿಬಂದೆ. ಗೋಡೆ ನಡುಗುತ್ತಿತ್ತು. ಹೋಲಿಸಿ ನೋಡಲೆಂದು ಎರಡು ಫೈಬರಿನಲ್ಲಿ ಕಳಿಸಿದ ಜೋಡಿಗಳ ನಂಟು ಎಂದಿನಂತೆ ಕೆಟ್ಟಿತು. ಒಂದೇ ಫೈಬರಿನಲ್ಲಿ ಹೋದವುಗಳದ್ದು ಉಳಿಯಿತು. ಗೈಡ್ ಮತ್ತೊಮ್ಮೆ ಅಳತೆ ಮಾಡಿಸಿದರು. ಮತ್ತೆ ಉಳಿಯಿತು. "ಬರೆಯಲು ಶುರು ಮಾಡಿ" ಎಂದು ಹೇಳಿ ಎದ್ದರು.

ಡ್ರೈವರಿಗೆ ಸಾಕು ಅನ್ನಲು ಹೊರಗೆ ಹೋದವಳು ಗೇಟಿನ ಕಟ್ಟೆಯ ಮೇಲೆ ಕುಸಿದು ಕೂತೆ. ತಡೆಯಲಾರದಷ್ಟು ಅಳು ಬಂತು. ಅವರು ಗಾಬರಿಯಾಗಿ ಇಳಿದು ಬಂದರು.

"ಕೆಟ್ಟೋಯ್ತೇನವ್ವ?"

"ಇಲ್ಲಣ್ಣ, ಸರಿಯಾಯ್ತು."

"ಮತ್ಯಾಕಳ್ತೀರಿ?"

"ಸುಸ್ತಾಗಿದೆ," ಅಂದೆ. ಮನೆಯಲ್ಲಾಗಲಿ ಕಾಲೇಜಿನಲ್ಲಾಗಲಿ ಈ ಮಾತನ್ನು ನಾನು ಒಬ್ಬರ ಮುಂದೆಯೂ ಆಡಿರಲಿಲ್ಲ.

ಅವರು ಹೋಗಿ ಎಂಜಿನ್ ಆರಿಸಿ ಬಂದರು. "ನಂಗೂವೆ ಕಣವ್ವ," ಅಂದು ಕಟ್ಟೆಯ ಆ ತುದಿಯಲ್ಲಿ ಕೂತರು.