ಪಾರ್ಟ್ನರ್ ಅಂದರೆ ಯಾರು

ನಮ್ಮ ಪಕ್ಕದ ಮನೆಯಲ್ಲಿದ್ದ ಇಂಗ್ಲಿಷ್ ಮೇಷ್ಟ್ರು ದಿನಾ ರೈಲಿನಲ್ಲಿ ಹರಿಹರದ ಶಾಲೆಗೆ ಹೋಗಿಬರುತ್ತಿದ್ದರು. ಯಾರಾದರೂ ಇಂಗ್ಲಿಷ್ ಶಬ್ದದ ಅರ್ಥ ಕೇಳಿದರೆ ತಟ್ಟನೆ ಹೇಳುತ್ತಿರಲಿಲ್ಲ. ಕಣ್ಣು ಮುಚ್ಚಿ, ಹಣೆ ಉಜ್ಜಿಕೊಂಡು, "ತಡೀರಿ, ಇದರ ತವರು ಯಾವ್ದು ನೋಡೋಣ" ಅನ್ನುತ್ತಿದ್ದರು. ಹಾಲಿನವನಿಗೂ 'ಬಿಲ್' ಶಬ್ದದ ಹುಟ್ಟು ಹೇಳದೆ ಬಿಟ್ಟವರಲ್ಲ.

ಗಂಡ ತೀರಿಕೊಂಡ ಮೇಲೆ ನಾನು ದಾವಣಗೆರೆಗೆ, ಅಪ್ಪಾಜಿಯ ಮನೆಗೆ ಬಂದಿದ್ದೆ. ಅಪ್ಪಾಜಿಯೂ ತೀರಿಕೊಂಡ ವರ್ಷ ಅಣ್ಣಂದಿರಿಬ್ಬರು ಅಪ್ಪಾಜಿಯ ಜವಳಿ ಅಂಗಡಿಯನ್ನು ತಮ್ಮ ಹೆಸರಿಗೆ ಮಾಡಿಕೊಂಡು ಹೊಸ ಬೋರ್ಡು ಬರೆಸಲು ಹೊರಟರು. 'ಪಾರ್ಟ್ನರ್ಸ್' ಶಬ್ದದ ಅರ್ಥವೇನು, ಅದನ್ನು ಇಂಗ್ಲಿಷಿನಲ್ಲಿ ಬರೆಯುವುದು ಹೇಗೆ ಎಂದು ಕೇಳಲು ಮೇಷ್ಟ್ರನ್ನು ಕರೆಸಿದರು. ನಾನು ಕಾಫಿ ತಂದಿಟ್ಟೆ.

ಮೇಷ್ಟ್ರು ಎಂದಿನಂತೆ ಕಣ್ಣು ಮುಚ್ಚಿ ತೆರೆದರು. "ಮೊದಲು ಇದು ವ್ಯಾಪಾರದ ಮಾತೇ ಅಲ್ರಿ. ಒಬ್ಬ ಅಪ್ಪನ ಆಸ್ತಿಗೆ ಕೂಡಿ ಹಕ್ಕಿರೋ ಮಕ್ಕಳಿಗೆ ಹಂಗಂತಿದ್ರು. ಅದೂ ಹೆಚ್ಚಾಗಿ ಹೆಣ್ಣುಮಕ್ಕಳಿಗೆ."

"ಈಗಿನ ಅರ್ಥ ಹೇಳ್ರಿ, ಸಾಕು," ಎಂದ ಸಣ್ಣಣ್ಣ.

"ಈಗ ವ್ಯಾಪಾರದಾಗ ಪಾಲಿರೋರು. ಆ ಅರ್ಥ ಆಮೇಲೆ ಬಂತು."

ಒಳಗೆ ಹೋಗಬೇಕಿದ್ದ ನಾನು ಬಾಗಿಲಲ್ಲೇ ನಿಂತೆ.

"ಅಣ್ಣಾ, ಹಂಗಾದ್ರೆ ನನ್ನ ಪಾಲು?" ಕೇಳಿದವಳು ನಾನೇ ಎಂದು ನನಗೇ ನಂಬಿಕೆಯಾಗಲಿಲ್ಲ.

ಮನೆಯ ಮಾತು ಬಂದಾಗ ಹೊರಗಿನವರು ಎದ್ದುಹೋಗುವುದು ರೂಢಿ. ಮೇಷ್ಟ್ರು ಏಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. "ಇನ್ನೊಂದು ಲೋಟ ಕಾಫಿ ಸಿಗತೈತೇನವ್ವಾ?" ಎಂದು ಕೂತೇ ಇದ್ದರು.

ನಾನು ಮತ್ತೆ ಕಾಫಿ ತಂದುಕೊಟ್ಟೆ. ಮೇಷ್ಟ್ರು ಒಂದೊಂದೇ ಗುಟುಕು ಕುಡಿದರು. ಲೋಟ ಬರಿದಾಗುವ ಹೊತ್ತಿಗೆ ದೊಡ್ಡಣ್ಣ ತನ್ನ ಪಕ್ಕಕ್ಕೆ ಒಂದು ಕುರ್ಚಿ ಎಳೆದ.

"ಬಾ, ಕೂಡವ್ವಾ. ಮೂವರ ಹೆಸರೂ ಬರೆಸೋಣ."