ಮುಚ್ಚಳ ಕೂರದ ಪೆಟ್ಟಿಗೆ ಮತ್ತು ಬೀಗದಕ್ಕ

ಬೆಳಗಿನ ಐದೂಮುಕ್ಕಾಲು. ನಾಲ್ಕಂತಸ್ತಿನ ಕಟ್ಟಡದ ಮೂರನೇ ಮಹಡಿಯ ಮೆಟ್ಟಿಲ ಮೇಲೆ ಐವತ್ತನಾಲ್ಕು ವರ್ಷದ ಹೆಂಗಸೊಬ್ಬರು ಮಂಡಿಯೂರಿ ಕೂತಿದ್ದಾರೆ. ಒದ್ದೆ ಬಟ್ಟೆಗೆ ಒತ್ತಿದ ಬೆರಳ ತುದಿಯಿಂದ ನೆಲದ ಮೇಲಿನ ಹಿತ್ತಾಳೆ ಚೂರುಗಳನ್ನು ಒಂದೊಂದಾಗಿ ಎತ್ತುತ್ತಿದ್ದಾರೆ. ಒಂದೊಂದು ಚೂರೂ ಅಕ್ಕಿಕಾಳಿಗಿಂತ ತುಸು ದಪ್ಪ, ಅಷ್ಟೇ. ಪಕ್ಕದಲ್ಲಿ ನೀಲಿ ಪ್ಲಾಸ್ಟಿಕ್ ಪೆಟ್ಟಿಗೆಯೊಂದು ಬಾಯಿ ತೆರೆದು ಬಿದ್ದಿದೆ. ಅದರ ಕಡೆ ಕಣ್ಣು ಹೋದಾಗಲೆಲ್ಲ ಅವರ ಬಾಯಿಂದ ಒಂದು ಮಾತು ಹೊರಡುತ್ತದೆ. ಭಾನುವಾರದ ಪುರವಣಿಯಲ್ಲಿ ಅದನ್ನು ಅಚ್ಚು ಹಾಕುವಂತಿಲ್ಲ.

ಸುಮ್ಮನೆ ನಿಲ್ಲಲಾರದೆ ನಾನು ಬಾಯಿ ಹಾಕುತ್ತೇನೆ. "ಒಂದು ಅಯಸ್ಕಾಂತ ತಂದಿದ್ರೆ ಸುಲಭ ಆಗ್ತಿತ್ತು, ಅಲ್ವಾ?"

ಅವರು ತಲೆಯೆತ್ತಿ ನನ್ನನ್ನೊಮ್ಮೆ ನೋಡುತ್ತಾರೆ. "ಹಿತ್ತಾಳೆ ಸ್ವಾಮಿ ಇದು. ಹಿತ್ತಾಳೆ ಎಲ್ಲಾದ್ರೂ ಅಯಸ್ಕಾಂತಕ್ಕೆ ಅಂಟುತ್ತಾ? ಇದನ್ನೂ ಬರೀರಿ ಪೇಪರ್‌ನಲ್ಲಿ, ನಾಲ್ಕು ಜನ ಕಲೀಲಿ."

ಬೀದಿಯವರೆಲ್ಲ ಅವರನ್ನು ಬೀಗದಕ್ಕ ಎನ್ನುತ್ತಾರೆ. ಮನೆಯಿಂದ ಬಾಡಿಗೆಯವರು ಹೋದಾಗ, ಬೀಗದ ಕೈ ಕಳೆದಾಗ, ಕೆಲಸ ಬಿಟ್ಟವನು ಕೀ ವಾಪಸ್ ಕೊಡದೆ ಹೋದಾಗ ಇವರಿಗೆ ಕರೆ ಬರುತ್ತದೆ. ಬೀಗವನ್ನು ಬಿಸಾಡಬೇಕಿಲ್ಲ, ಒಳಗಿನ ಪಿನ್ ಬದಲಾಯಿಸಿದರೆ ಸಾಕು. ಹೊಸ ಕೀಯನ್ನು ಒಳಗೆ ತೂರಿಸಿದಾಗ ಐದು ಪಿನ್‌ಗಳ ತಲೆಯೂ ಒಂದೇ ಮಟ್ಟದಲ್ಲಿ ನಿಂತರೆ ಬೀಗ ತಿರುಗುತ್ತದೆ. ಒಂದು ಹೆಚ್ಚಾದರೂ, ಒಂದು ಕಡಿಮೆಯಾದರೂ ತಿರುಗುವುದಿಲ್ಲ. ಒಂದು ಅಳತೆಗೂ ಮುಂದಿನ ಅಳತೆಗೂ ನಿಜಕ್ಕೂ ಒಂದು ಕೂದಲೆಳೆಯ ಅಂತರ. ಈ ಪಿನ್‌ಗಳು ಅಳತೆಗೊಂದು ಮನೆಯಂತೆ ಆ ನೀಲಿ ಪೆಟ್ಟಿಗೆಯ ನೂರಿಪ್ಪತ್ತು ಮನೆಗಳಲ್ಲಿ ಇರಬೇಕು. ಅರ್ಧ ಗಂಟೆಯ ಹಿಂದೆ ಮೆಟ್ಟಿಲು ಹತ್ತುವಾಗ ಪೆಟ್ಟಿಗೆ ತುಸು ವಾಲಿತು, ಮುಚ್ಚಳ ಹಾರಿತು. ಹೊರಗೆ ಬಿದ್ದವು ಬಿದ್ದವು. ಒಳಗೇ ಉಳಿದವು ಪಕ್ಕದ ಮನೆಗಳಿಗೆ ನೆಗೆದು ಕೂತಿವೆ.

"ಹೊರಗೆ ಬಿದ್ದಿದ್ದರ ಬಗ್ಗೆ ಚಿಂತೆ ಇಲ್ಲ. ಒಳಗೆ ಸಾಧು ಹಾಗೆ ಕೂತಿವೆಯಲ್ಲ, ಅವನ್ನ ನಂಬೋ ಹಾಗಿಲ್ಲ," ಎನ್ನುತ್ತಾರೆ ಬೀಗದಕ್ಕ.

ಬಾಗಿಲಿಗೆ ಒರಗಿ ನಿಂತಿರುವ ಮನೆಯಾಕೆ ಆಸ್ಪತ್ರೆಯೊಂದರಲ್ಲಿ ನರ್ಸ್. ಫೋಟೊ ಬೇಡ ಎಂದು ಮೊದಲೇ ಹೇಳಿದ್ದಾರೆ. ರಾತ್ರಿ ಪಾಳಿಯಿಂದ ಕೇಳಿಕೊಂಡು ಒಂದು ಗಂಟೆ ಮುಂಚೆ ಬಂದವರು, ಸಮವಸ್ತ್ರವನ್ನೂ ಬದಲಾಯಿಸಿಲ್ಲ. ಬಿಟ್ಟುಹೋದ ಗಂಡ ನಿನ್ನೆ ರಾತ್ರಿ ಮೆಸೇಜು ಹಾಕಿದ್ದಾನೆ: ಬೆಳಗ್ಗೆ ಹತ್ತಕ್ಕೆ ಬರುತ್ತೇನೆ, ಕೀ ನನ್ನ ಹತ್ತಿರ ಇದೆ. ಮನೆಯ ಕರಾರು ಇರುವುದು ಆಕೆಯ ಹೆಸರಲ್ಲಿ. ಒಳಗೆ ಚಿಲಕ ಇಲ್ಲ, ಇರುವುದು ಈ ಒಂದು ಬೀಗ. ಹೊಸ ಬೀಗ ತರೋಣವೆಂದರೆ ಅದನ್ನು ಮಾರುವ ಹಾರ್ಡ್‌ವೇರ್ ಅಂಗಡಿ ತೆರೆಯುವುದೂ ಹತ್ತಕ್ಕೇ.

"ಹೋದ ಸಲ ಡ್ಯೂಟಿ ಮುಗಿಸಿ ಬಂದು ಬಾಗಿಲು ತೆಗೆದ್ರೆ, ಒಳಗೆ ಕುರ್ಚಿ ಮೇಲೆ ಕೂತಿದ್ದ," ಎನ್ನುತ್ತಾರೆ ನರ್ಸ್. "ಕಿಟಕಿ ಪರದೆ ಎಲ್ಲ ಎಳೆದು, ಕತ್ತಲಲ್ಲಿ. ಅವತ್ತಿಂದ ನಂಗೆ ಈ ಮನೇಲಿ ನಿದ್ದೆ ಬರಲ್ಲ."

ಬೀಗದಕ್ಕ ಪೆಟ್ಟಿಗೆಯನ್ನು ಪಕ್ಕಕ್ಕೆ ತಳ್ಳಿ, ಚೀಲದಿಂದ ಕೂದಲೆಳೆಯನ್ನೂ ಅಳೆಯುವ ವರ್ನಿಯರ್ ಮಾಪಕ ತೆಗೆಯುತ್ತಾರೆ. ಇನ್ನು ಯಾವ ಮನೆಯ ಮೇಲಿನ ಚೀಟಿಯನ್ನೂ ನಂಬದೆ ಪ್ರತಿ ಪಿನ್ನನ್ನೂ ಅಳೆಯಬೇಕು.

ಮೂವತ್ತೊಂದು ವರ್ಷದಿಂದ ಇದೇ ಕೆಲಸ. ದಿನಕ್ಕೆ ಆರೇಳು ಬೀಗ. ಒಂದೊಂದರಲ್ಲೂ ಕೆಳಗೆ ಐದು ಪಿನ್, ಮೇಲೆ ಐದು, ಅವುಗಳ ನೆತ್ತಿಯ ಮೇಲೆ ಐದು ಸ್ಪ್ರಿಂಗ್. ಮಂಡಿ ಸವೆದಿದೆ, ಕನ್ನಡಕ ಮೂರು ಸಲ ಬದಲಾಗಿದೆ. ಬದಲಾಗದೇ ಇರುವುದು ಬಾಗಿಲು ತೆರೆದವರ ಮೊದಲ ಪ್ರಶ್ನೆ: ಗಂಡಸರು ಯಾರೂ ಬರಲಿಲ್ವಾ? ಎರಡನೆಯದು, ನಗುತ್ತ ಕೇಳುವಂಥದು: ನೀವು ಮನಸ್ಸು ಮಾಡಿದ್ರೆ ಯಾರ ಮನೆ ಬೇಕಾದ್ರೂ ತೆಗೀಬಹುದು, ಅಲ್ವಾ? "ನನ್ನ ಮನೆ ಬಾಗಿಲು ತೆಗೆದು ಒಳಗೆ ಹೋಗಿ ಮಲಗೋಕೇ ಟೈಮಿಲ್ಲ, ನಿಮ್ಮನೇದು ತೆಗೆದು ಏನ್ಮಾಡ್ಲಿ ಅಂತೀನಿ," ಎನ್ನುತ್ತಾರೆ ಅವರು.

ಅಪ್ಪನೂ ಬೀಗದ ಕೆಲಸದವರೇ. ಕೆಲಸ ಕಲಿಸಿದ್ದು ಮಾತ್ರ ಮಗನಿಗೆ. ಕೀ ಕತ್ತರಿಸುವ ಮೆಷಿನ್ ತಮ್ಮನ ಪಾಲಿಗೆ ಬಂದರೆ, ನೆಲದ ಮೇಲೆ ಕೂತು ಬೆರೆತ ಪಿನ್‌ಗಳನ್ನು ಆರಿಸುವ ಕೆಲಸ ಅಕ್ಕನ ಪಾಲಿಗೆ ಬಂತು. "ಅಕ್ಕಿಯಲ್ಲಿ ಕಲ್ಲು ಆರಿಸ್ತೀಯಲ್ಲ, ಇದೂ ಹಾಗೇ ಅಂದ್ರು ಅಪ್ಪ. ಹತ್ತು ವರ್ಷ ಆರಿಸಿದೆ. ಆಮೇಲೆ ನೋಡಿದ್ರೆ, ಬೀಗದ ಒಳಗಿಂದು ನಂಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ." ಈಗಲೂ ಅಂಗಡಿಯಲ್ಲಿ ಮೆಷಿನ್ ಮುಂದೆ ಕೂರುವುದು ತಮ್ಮ, ಮೆಟ್ಟಿಲು ಹತ್ತುವುದು ಅಕ್ಕ.

ಈ ನೀಲಿ ಪೆಟ್ಟಿಗೆಯೂ ತಮ್ಮನ ಕೊಡುಗೆಯೇ. ಅಪ್ಪನ ಕಾಲದ ಪೆಟ್ಟಿಗೆಯ ಪಿನ್‌ಗಳು ಈಗಿನ ಬೀಗಗಳಿಗೆ ಹೊಂದುವುದಿಲ್ಲ, ಹೊಸದು ಬೇಕು ಎಂದು ಬೀಗದಕ್ಕ ಒಂದು ವರ್ಷ ಹೇಳಿದರು. ಯಾವುದು ಬೇಕೆಂದೂ ಹೇಳಿದ್ದರು. ಅವರ ಪ್ರಕಾರ ಪೆಟ್ಟಿಗೆ ಕೊಳ್ಳುವವರು ಮನೆಗಳನ್ನು ಎಣಿಸಬಾರದು, ಮೊದಲು ನಮ್ಮ ಬೀದಿಗಳ ಬಾಗಿಲಲ್ಲಿ ಯಾವ ಬೀಗ ಇದೆ ಎಂದು ನೋಡಬೇಕು. ನಡುವಿನ ಅಳತೆಗಳೇ ಬೇಗ ಖಾಲಿಯಾಗುವುದು, ಅವು ಜಾಸ್ತಿ ಇರಬೇಕು. ಖಾಲಿಯಾದ ಅಳತೆ ಒಂದನ್ನೇ ಬಿಡಿಯಾಗಿ ತರುವಂತಿರಬೇಕು. "ಎಲ್ಲಕ್ಕಿಂತ ಮೊದಲು, ಅಂಗಡೀಲೇ ಪೆಟ್ಟಿಗೇನ ತಲೆಕೆಳಗು ಮಾಡಿ ಅಲ್ಲಾಡಿಸಿ ನೋಡಬೇಕು. ಅಂಗಡಿಯವನು ಬೈದ್ರೆ ಬೈಲಿ. ಬೈದ ಅಂದ್ರೆ ಮುಚ್ಚಳ ಕೂರಲ್ಲ ಅಂತ ಅವನಿಗೂ ಗೊತ್ತು ಅಂತ ಅರ್ಥ." ತಮ್ಮನೋ, ಫೋನಿನಲ್ಲಿ ಚಿತ್ರ ನೋಡಿ ತರಿಸಿಬಿಟ್ಟರು. ಎಲ್ಲ ಅಳತೆಯೂ ತಲಾ ಹನ್ನೆರಡು, ನೋಡಲು ಚಂದ. ದಿನಾ ಬೇಕಾದ ಅಳತೆಗಳು ಎರಡನೇ ವಾರಕ್ಕೇ ಮುಗಿದವು. ಎಂದೂ ಬೇಡದವು ಹೊಚ್ಚಹೊಸದಾಗಿ ಹೊಳೆಯುತ್ತಿವೆ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ.

ಬೇಕಾದ ಪಿನ್ ಇಲ್ಲದಿದ್ದರೆ ಏನು ಮಹಾ, ಇದ್ದದ್ದನ್ನೇ ಅರದಲ್ಲಿ ಉಜ್ಜಿ ಹಾಕಬಹುದಲ್ಲ? ಅನೇಕರು ಹಾಗೆ ಮಾಡುತ್ತಾರೆ. ಒಮ್ಮೆ ಬೀಗದಕ್ಕನೂ ಮಾಡಿದ್ದರು. ಬಾಡಿಗೆ ಕೋಣೆಗಳ ಸಾಲು, ಸಂಜೆಯೊಳಗೆ ಮುಗಿಸಬೇಕು, ಪಿನ್ ಸಾಲದು. ಒಂದು ಬೀಗದಲ್ಲಿ ನಾಲ್ಕು ಹಳೆಯ ಪಿನ್‌ಗಳನ್ನೇ ಬಿಟ್ಟು, ಐದನೆಯದನ್ನು ಮಾತ್ರ ಉಜ್ಜಿ ಪಕ್ಕದ ಅಳತೆಗೆ ತಂದು ಕೂರಿಸಿದರು. ಹೊಸ ಕೀ ತಿರುಗಿತು. ವಾರದ ಬಳಿಕ ಆ ಕೋಣೆಯ ಹುಡುಗಿ ಕೆಲಸದಿಂದ ಬಂದಾಗ, ಹಿಂದಿನ ಬಾಡಿಗೆದಾರ ಅವಳ ಹಾಸಿಗೆಯ ಮೇಲೆ ಗೊರಕೆ ಹೊಡೆಯುತ್ತಿದ್ದ. ಕುಡಿದ ಮತ್ತಿನಲ್ಲಿ ಹಳೇ ಅಭ್ಯಾಸದಂತೆ ಬಂದು, ಹಳೇ ಕೀ ತೂರಿಸಿ ಸ್ವಲ್ಪ ಅಲುಗಿಸಿದ್ದಾನೆ, ಬಾಗಿಲು ತೆರೆದುಕೊಂಡಿದೆ.

"ಏನೂ ಆಗಲಿಲ್ಲ, ಪುಣ್ಯ. ಆದ್ರೆ ಆ ಹುಡುಗಿ ನನ್ನ ನೋಡಿದ ರೀತಿ ಇದೆಯಲ್ಲ, ಅದು ಇನ್ನೂ ಇಲ್ಲೇ ಇದೆ," ಎಂದು ಬೀಗದಕ್ಕ ಎದೆ ಮುಟ್ಟಿಕೊಳ್ಳುತ್ತಾರೆ. "ಹೊಸ ಕೀ ತಿರುಗೋ ಹಾಗೆ ಯಾರು ಬೇಕಾದ್ರೂ ಮಾಡ್ತಾರೆ. ಹಳೇದು ತಿರುಗಬಾರದು. ಕೆಲಸ ಅಂದ್ರೆ ಅದು." ಅಂದಿನಿಂದ ಅವರದೊಂದು ಕಟ್ಟಳೆ. ಐದಕ್ಕೈದೂ ಪಿನ್ ಬದಲಾಯಿಸುತ್ತಾರೆ. ಕೊನೆಗೆ ಹಳೇ ಕೀಯನ್ನು ಮನೆಯವರ ಕೈಗೇ ಕೊಟ್ಟು, ಹತ್ತು ಸಲ ತಿರುಗಿಸಿ ನೋಡಲು ಹೇಳುತ್ತಾರೆ.

ಆರೂವರೆ. ಬೀಗ ಬಿಚ್ಚಿ ಹಳೇ ಪಿನ್ ಸುರಿದು, ಹೊಸ ಕೀ ತೂರಿಸಿ, ಅಳೆದ ಪಿನ್‌ಗಳನ್ನು ಚಿಮಟದಲ್ಲಿ ಒಂದೊಂದಾಗಿ ಇಳಿಸುತ್ತಾರೆ. ಮೇಲೆ ಉಗುರು ಸವರುತ್ತಾರೆ. ಕಣ್ಣಿಗೆ ಕಾಣದ ಏರುತಗ್ಗು ಉಗುರಿಗೆ ತಿಳಿಯುತ್ತದಂತೆ. ಜೋಡಿಸಿ ತಿರುಗಿಸಿದರೆ ಅರ್ಧಕ್ಕೇ ಕಚ್ಚಿಕೊಳ್ಳುತ್ತದೆ. ಮತ್ತೆ ಬಿಚ್ಚುತ್ತಾರೆ. ಮೂರನೇ ಪಿನ್ ಒಂದೆಳೆ ಗಿಡ್ಡ. "ಕೈ ಒದ್ದೆ ಇತ್ತು, ಉಗುರಿಗೆ ಗೊತ್ತಾಗ್ಲಿಲ್ಲ," ಎಂದು ಗೊಣಗುತ್ತಾರೆ. ಆ ಅಳತೆಯ ಮನೆ ಖಾಲಿ. ನೆಲದಿಂದ ಆರಿಸಿದ ರಾಶಿಯಲ್ಲಿ ಹುಡುಕಬೇಕು. ನನ್ನ ಸಂಪಾದಕರು ಮುಗುಳ್ನಗುವಿನ ಫೋಟೊ ಒಂದು ಇರಲಿ ಎಂದಿದ್ದರು. ಈ ಹೊತ್ತಿನಲ್ಲಿ ಅದನ್ನು ಕೇಳುವಷ್ಟು ಧೈರ್ಯ ನನಗಿಲ್ಲ.

"ಅರ ಇದೆಯಲ್ಲ ಚೀಲದಲ್ಲಿ," ಎನ್ನುತ್ತಾರೆ ಗಡಿಯಾರ ನೋಡುತ್ತ ನರ್ಸ್. "ಸ್ವಲ್ಪ ಉಜ್ಜಿಬಿಡಿ ಅಕ್ಕ, ಪರವಾಗಿಲ್ಲ."

"ನಿಮಗೆ ಪರವಾಗಿಲ್ಲಮ್ಮ, ನಂಗೆ ಪರವಾಗಿದೆ."

ನಲವತ್ತು ನಿಮಿಷ ಅಳೆಯುತ್ತಾರೆ. ನೂರಕ್ಕೂ ಹೆಚ್ಚು ಪಿನ್ ಅಳೆದ ಮೇಲೆ ಬೇಕಾದ್ದು ಸಿಗುತ್ತದೆ. ಈ ಸಲ ಹೊಸ ಕೀ ಸಲೀಸಾಗಿ ತಿರುಗುತ್ತದೆ. ಬೀಗದಕ್ಕ ಪಕ್ಕಕ್ಕೆ ಸರಿದು, "ನಿಮ್ಮ ಹಳೇ ಕೀ ಹಾಕಿ ನೋಡಿ," ಎನ್ನುತ್ತಾರೆ.

ನರ್ಸ್ ತಮ್ಮ ಗೊಂಚಲಿನಿಂದ ಹಳೇ ಕೀ ಬಿಡಿಸಿ ತೂರಿಸುತ್ತಾರೆ. ತಿರುಗದು. ಒತ್ತುತ್ತಾರೆ, ಅಲುಗಿಸುತ್ತಾರೆ. ಹತ್ತು ಸಲ ಅಂದಿದ್ದಕ್ಕೆ ಇಪ್ಪತ್ತು ಸಲ ನೋಡಿ, ಹಾಗೇ ಹೊಸ್ತಿಲ ಮೇಲೆ ಕೂತುಬಿಡುತ್ತಾರೆ.

ಒಂಬತ್ತರ ಹೊತ್ತಿಗೆ ನಾವು ಕೀ ಅಂಗಡಿಯಲ್ಲಿದ್ದೇವೆ. ಬೀಗದಕ್ಕ ನೀಲಿ ಪೆಟ್ಟಿಗೆಯನ್ನು ತಮ್ಮನ ಮುಂದೆ ಕುಕ್ಕುತ್ತಾರೆ.

"ಎಲ್ಲ ಬೀಗಕ್ಕೂ ಆಗುತ್ತೆ ಅಂತ ಬರೆದಿದ್ರು ಅಕ್ಕ," ಎನ್ನುತ್ತಾರೆ ತಮ್ಮ.

"ಎಲ್ಲದಕ್ಕೂ ಆಗೋದು ಯಾವುದಕ್ಕೂ ಆಗಲ್ಲ ಕಣೋ. ನಾನು ಕೇಳಿದ್ದು ಮೂವತ್ತು ಮನೆಯ ಪುಟ್ಟ ಪೆಟ್ಟಿಗೆ, ಗಟ್ಟಿ ಮುಚ್ಚಳ. ನೀನು ನಂಗೆ ಊರು ಕಟ್ಟಿಸಿಕೊಟ್ಟೆ, ಬಾಗಿಲು ಇಡಲಿಲ್ಲ."

"ಒಂದು ರಬ್ಬರ್ ಪಟ್ಟಿ ಸುತ್ತಿ ಕೊಡ್ಲಾ?"

ಬೀಗದಕ್ಕ ಹಣೆ ಚಚ್ಚಿಕೊಳ್ಳುತ್ತಾರೆ. ಆಮೇಲೆ ನೆಲದ ಮೇಲೆ ಬಿಳಿ ಬಟ್ಟೆ ಹಾಸಿ, ಪೆಟ್ಟಿಗೆಯನ್ನು ಪೂರ್ತಿ ಸುರಿದು, ಮೊದಲಿಂದ ಆರಿಸಲು ಕೂರುತ್ತಾರೆ. ಜೀವನದಲ್ಲಿ ಇನ್ನೇನು ಆಸೆ ಎಂಬ ನನ್ನ ಮಾಮೂಲಿ ಪ್ರಶ್ನೆಗೆ ಯೋಚಿಸದೆ ಉತ್ತರ ಬರುತ್ತದೆ: "ಮುಚ್ಚಳ ಕೂರೋ ಪೆಟ್ಟಿಗೆ. ಇನ್ನೇನಿರುತ್ತೆ?"

ಹತ್ತೂಕಾಲಿಗೆ ಫೋನ್ ಬರುತ್ತದೆ. ಬೀಗದಕ್ಕನ ಎರಡೂ ಕೈಯಲ್ಲಿ ಪಿನ್ ಇರುವುದರಿಂದ ತಮ್ಮನೇ ಸ್ಪೀಕರ್ ಒತ್ತುತ್ತಾರೆ. ನರ್ಸ್ ದನಿ ಪಿಸುಮಾತಿನಲ್ಲಿದೆ.

"ಬಂದಿದ್ದ ಅಕ್ಕ. ಐದು ನಿಮಿಷ ತಿರುಗಿಸ್ತಾನೇ ಇದ್ದ. ನಾನು ಒಳಗೆ ಉಸಿರು ಬಿಗಿಹಿಡಿದು ನಿಂತಿದ್ದೆ. ಆಮೇಲೆ ಮೆಟ್ಟಿಲಿಳಿದು ಹೋದ."

ಮೆಷಿನ್ ನಿಲ್ಲಿಸುತ್ತಾರೆ ತಮ್ಮ. ಬೀಗದಕ್ಕ ಫೋನಿನ ಕಡೆ ಬಾಗುತ್ತಾರೆ.

"ಕೀ ಒಳಗೇ ಮುರಿದು ಬಿಟ್ಟು ಹೋಗಿಲ್ಲ ತಾನೇ?"

"ಇಲ್ಲ. ಕಿಟಕಿಯಿಂದ ಅವನು ಹೋಗಿದ್ದು ನೋಡಿ, ಬಾಗಿಲು ತೆಗೆದು ನೋಡ್ದೆ."

"ಹಾಗಾದ್ರೆ ಮಲಕ್ಕೋ ಹೋಗಮ್ಮ. ರಾತ್ರಿಯೆಲ್ಲ ನಿಂತಿದ್ದೀಯ. ನಾನು ಹಾಕಿದ ಪಿನ್ನು ಅದು, ತಿರುಗಲ್ಲ."